ಮುಖ ಕೊಟ್ಟು ಮಾತಾಡುವುದು

"ಸೋಮವಾರದಿಂದ ಮುಂದಿನ ಕೋಣೇಲಿ ನೀನು ಕೂತ್ಕೋ" ಎಂದು ಯಜಮಾನರು ಹೇಳಿದಾಗ ಅವಳ ಕೈಯಲ್ಲಿ ಯಾರದೋ ಕೋರೆಹಲ್ಲು ಇತ್ತು. ಪಿಂಗಾಣಿ ಪುಡಿಯನ್ನು ನೀರಿನಲ್ಲಿ ಕಲಸಿ, ಕುಂಚದ ತುದಿಯಿಂದ ಅದರ ಮೇಲೆ ಪದರ ಏರಿಸುತ್ತಿದ್ದಳು. ಕುಂಚ ನಿಂತಿತು.

"ನನ್ನ ಕೈಲಿ ಆಗಲ್ಲ ಸರ್" ಎಂದಳು, ಹಲ್ಲಿನತ್ತಲೇ ನೋಡುತ್ತಾ.

"ನೀರಿಗಿಳಿದ ಮೇಲೆ ಮಳೆಯೇನು, ಚಳಿಯೇನು?"

ಯಾವ ನೀರು ಎಂದು ಅವಳು ಒಂದು ಗಳಿಗೆ ಯೋಚಿಸಿದಳು. ಯಜಮಾನರು ಮಾತಿಗೊಂದು ಗಾದೆ ಹಾಕುವವರು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಹೇಳಿ, "ಆ ಎರಡನೆಯವನೇ ನಮ್ಮ ಅನ್ನದಾತ" ಎಂದು ನಗುತ್ತಿದ್ದರು. ಊರಿನ ದಂತವೈದ್ಯರಿಗೆಲ್ಲ ಕಟ್ಟುಹಲ್ಲು ಮಾಡಿಕೊಡುವ ಚಿಕ್ಕ ಲ್ಯಾಬು ಅವರದು. ಹಿಂದಿನ ಕೋಣೆಯಲ್ಲಿ ಕೆಲಸ. ಮುಂದಿನ ಕೋಣೆಯಲ್ಲಿ ಡಾಕ್ಟರು ಕಳಿಸಿದವರನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಉಳಿದ ಹಲ್ಲುಗಳ ಬಣ್ಣ ಯಾವುದೆಂದು ಹೊಂದಿಸಿ ನೋಡುವುದು. ಅದನ್ನು ಮಾಡುತ್ತಿದ್ದವಳನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ಗಂಡನಿಗೆ ವರ್ಗವಾಗಿ ಅವಳು ಊರು ಬಿಡುವವಳಿದ್ದಳು.

"ಇನ್ನೊಬ್ಬಳು ಹುಡುಗಿ ಬರ್ತೀನಿ ಅಂತಿದ್ದಾಳೆ. ಚುರುಕಾಗಿದ್ದಾಳೆ. ಆದ್ರೆ ನಿನ್ನನ್ನ ಕೇಳ್ದೆ ಅವಳನ್ನ ಕರೆಯೋಕೆ ನಂಗೆ ಮನಸ್ಸಿಲ್ಲ ಪುಟ್ಟಿ" ಎಂದು ಯಜಮಾನರು ಹೋದರು.

ಮೂವತ್ತು ದಾಟಿದ್ದರೂ ಅವಳು ಮನೆಯಲ್ಲಿ ಪುಟ್ಟಿ. ಲ್ಯಾಬಿಗೂ ಆ ಹೆಸರು ಹೇಗೋ ಹಿಂಬಾಲಿಸಿ ಬಂದಿತ್ತು. ಮುಂದಿನ ಕೋಣೆಯ ಕೆಲಸ ಬೇಡ ಎಂದೇನೂ ಅವಳಿಗೆ ಇರಲಿಲ್ಲ. ಇಷ್ಟು ವರ್ಷ ಹಲ್ಲು ಮಾಡಿದರೂ ಅದು ಯಾವ ಬಾಯಿಗೆ ಹೋಗುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸುದ್ದಿಯೇ ಬಾರದಂತೆ ಅವು ಡಬ್ಬಿಯಲ್ಲಿ ಕೂತು ಹೊರಟುಬಿಡುತ್ತಿದ್ದವು. ನೋಡಬೇಕು ಎಂಬ ಆಸೆ ಇತ್ತು. ಆದರೆ ಹಿಂದೆ ಕನ್ನಡಕದ ಅಂಗಡಿಯೊಂದರಲ್ಲಿ ಕೌಂಟರಿಗೆ ನಿಂತಿದ್ದಾಗ ಅಲ್ಲಿನ ಮ್ಯಾನೇಜರು, "ಮುಖ ಕೊಟ್ಟು ಮಾತಾಡೋಕೇ ಬರಲ್ಲ ನಿಮಗೆ, ಗಿರಾಕಿಗಳು ಬೇಜಾರು ಮಾಡ್ಕೋತಾರೆ" ಎಂದು ಮನೆಗೆ ಕಳಿಸಿದ್ದ. ಆ ಮಾತು ಇನ್ನೂ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದುಕೊಂಡಿತ್ತು.

ಹೋದ ವರ್ಷ ಒಬ್ಬ ವೈದ್ಯೆ ಅದಕ್ಕೆ ಹೆಸರು ಕೊಟ್ಟಿದ್ದರು: ಆಟಿಸಂ. ಜೊತೆಗೆ ಬಂದಿದ್ದ ಅಕ್ಕ ದಾರಿಯುದ್ದಕ್ಕೂ ಅತ್ತು, ಮನೆ ಬಾಗಿಲಲ್ಲಿ ನಕ್ಕುಬಿಟ್ಟಿದ್ದಳು. "ಇಷ್ಟು ವರ್ಷ ನಿಂಗೆ ಕೊಬ್ಬು ಅಂದ್ಕೊಂಡಿದ್ವಲ್ಲೇ."

ಈಗಲೂ ಅಕ್ಕನೇ ಟೊಂಕ ಕಟ್ಟಿ ನಿಂತಳು. ಭಾನುವಾರ ಅಡುಗೆಮನೆಯ ಕುರ್ಚಿಯನ್ನು ಕಿಟಕಿಗೆ ಎಳೆದು, ಗಿರಾಕಿಯಾಗಿ ಕೂತಳು. "ಕಣ್ಣು ನೋಡೋಕೆ ಕಷ್ಟ ಆದ್ರೆ ಹುಬ್ಬುಗಳ ಮಧ್ಯೆ ನೋಡು. ಅವರಿಗೆ ಗೊತ್ತಾಗಲ್ಲ."

ಪುಟ್ಟಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಏನಾದ್ರೂ ಕೇಳೇ ಮಹರಾಯ್ತಿ."

"ನಿನ್ನ ಎಡಗಡೆ ಹುಬ್ಬಲ್ಲಿ ಒಂದು ಬಿಳಿ ಕೂದಲಿದೆ."

"ಗಿರಾಕಿಗಳ ಹತ್ರ ಇದನ್ನ ಹೇಳ್ಬೇಡ ಮತ್ತೆ" ಎಂದ ಅಕ್ಕ ಕನ್ನಡಿ ಹುಡುಕಿಕೊಂಡು ಎದ್ದು ಹೋದಳು.

ಸೋಮವಾರ ಮೊದಲು ಬಂದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಪುಟ್ಟಿ ಅವರ ಹುಬ್ಬುಗಳ ನಡುವೆ ದೃಷ್ಟಿ ನೆಟ್ಟು, ಕಲಿತಿದ್ದ ನಗೆಯನ್ನು ತುಟಿಗೆ ತಂದುಕೊಂಡಳು. ಮೂಲೆಯಲ್ಲಿ ರೇಡಿಯೋ ಹಾಡುತ್ತಿತ್ತು. ಬೆಂಚಿನ ಮೇಲೆ ಕಾಯುತ್ತಿದ್ದವರು ಫೋನಿನಲ್ಲಿ ಯಾರ ಜೊತೆಗೋ ಜಗಳವಾಡುತ್ತಿದ್ದರು. ಹೆಂಗಸಿನ ತುಟಿ ಅಲ್ಲಾಡುತ್ತಿದ್ದುದು ಕಾಣುತ್ತಿತ್ತು. ಮಾತು ಮಾತ್ರ ಬಾವಿಯ ತಳದಿಂದ ಬಂದಂತಿತ್ತು.

"ಏನಮ್ಮಾ, ನಾನು ಹೇಳಿದ್ದು ಕೇಳಿಸ್ತಾ?"

ಕೇಳಿಸಿರಲಿಲ್ಲ. ಇನ್ನೂ ಊರು ಬಿಡದೆ ಪಕ್ಕದಲ್ಲೇ ಇದ್ದ ಬಣ್ಣದಕ್ಕ ಬಂದು ಮೆಲ್ಲಗೆ ಅವಳ ಜಾಗದಲ್ಲಿ ಕೂತಳು. ಪುಟ್ಟಿ ಹಿಂದಿನ ಕೋಣೆಗೆ ಬಂದು, ಪಿಂಗಾಣಿ ಸುಡುವ ಕುಲುಮೆಯ ಪಕ್ಕದ ಸ್ಟೂಲಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು.

ಮಧ್ಯಾಹ್ನ ಯಜಮಾನರು ಬಂದು ಎದುರಿಗೆ ಇನ್ನೊಂದು ಸ್ಟೂಲು ಹಾಕಿಕೊಂಡರು. "ಹೋಗ್ಲಿ ಬಿಡು. ಆ ಹುಡುಗಿಗೆ ಹೇಳ್ತೀನಿ. ನಿನ್ನ ಈ ಕೆಲಸ ನಿಂಗೆ ಇದ್ದೇ ಇದೆ."

ಆ ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಮ್ಯಾನೇಜರಿಗೆ ಅವತ್ತು ಏನೂ ಹೇಳದೆ ಚೀಲ ತೆಗೆದುಕೊಂಡು ಹೊರಟಿದ್ದಳು. ಈಗಲೂ ಸುಮ್ಮನಿದ್ದರೆ ಎಲ್ಲ ಸುಲಭವಾಗಿ ಮುಗಿಯುತ್ತಿತ್ತು.

"ನಂಗೆ ಆಟಿಸಂ ಇದೆ ಸರ್" ಎಂದಳು.

ಯಜಮಾನರು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಅದು ನೋಯುತ್ತಾ?"

"ಇಲ್ಲ. ಹುಟ್ಟಿನಿಂದ ಹೀಗೇ. ಮುಖ ನೋಡಿದ್ರೆ ಮಾತು ಕೇಳಿಸಲ್ಲ. ಮಾತು ಕೇಳ್ಬೇಕು ಅಂದ್ರೆ ಮುಖ ನೋಡೋಕಾಗಲ್ಲ. ಎರಡರಲ್ಲಿ ಒಂದೇ ಆಗೋದು."

ಅವರು ಗಲ್ಲ ಕೆರೆದುಕೊಂಡರು. "ನಮ್ಮ ಕೆಲಸಕ್ಕೆ ಅದರಲ್ಲಿ ಯಾವುದು ಬೇಕು?"

ಇದನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. "ಕೇಳೋದು" ಎಂದಳು ನಿಧಾನವಾಗಿ. "ಮುಖದ ಬದಲು ಹಲ್ಲು ನೋಡ್ತಿದ್ರೆ ಕೇಳಿಸುತ್ತೆ. ಆ ರೇಡಿಯೋ ಆರಿಸ್ಬೇಕು. ಕಾಯೋರು ಹೊರಗೆ ಕೂತ್ಕೋಬೇಕು. ಆ ಹುಡುಗಿಗೆ ಈಗ್ಲೇ ಹೇಳ್ಬೇಡಿ." ಉಸಿರು ತೆಗೆದುಕೊಂಡು ಮತ್ತೆ ಸೇರಿಸಿದಳು: "ನೀವೂ ನನ್ನ ಹತ್ರ ಗಾದೆ ಕಡಿಮೆ ಮಾಡ್ಬೇಕು."

"ಗಾದೆ ಬಿಟ್ರೆ ನಾನು ಮೂಕನಾಗ್ತೀನಿ ಕಣಮ್ಮ" ಎಂದರು ಯಜಮಾನರು. ಆದರೆ ಎದ್ದು ಹೋಗಿ ರೇಡಿಯೋ ಆರಿಸಿದ್ದು ಇಲ್ಲಿಗೂ ಕೇಳಿಸಿತು.

ಮರುದಿನ ಬಂದವರು ಒಬ್ಬ ಮುದುಕರು, ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದವರು. ಮೇಲಿನ ಮುಂದಿನ ಎರಡು ಹಲ್ಲು ಇರಲಿಲ್ಲ. ಕೂರುವ ಮುಂಚೆಯೇ ಪುಟ್ಟಿ ಹೇಳಿದಳು: "ನಾನು ನಿಮ್ಮ ಮುಖ ನೋಡಿ ಮಾತಾಡಲ್ಲ. ಹಲ್ಲು ನೋಡ್ತಿರ್ತೀನಿ. ಆದ್ರೆ ನೀವು ಹೇಳೋದೆಲ್ಲ ಕೇಳಿಸ್ಕೊತೀನಿ. ತಪ್ಪು ತಿಳ್ಕೋಬೇಡಿ."

"ಒಳ್ಳೇದೇ ಆಯ್ತು" ಎಂದರು ಅವರು. "ಈ ಮುಖ ನೋಡಿ ನೋಡಿ ನನ್ನ ಹೆಂಡ್ತಿಗೇ ಸಾಕಾಗಿದೆ."

ಅವಳಿಗೆ ನಗಬೇಕೆಂದು ಹೊಳೆಯಲಿಲ್ಲ. ಬೇರೆ ಬೇರೆ ಬಣ್ಣದ ಮಾದರಿ ಹಲ್ಲುಗಳ ಸಾಲನ್ನು ಅವರ ತುಟಿಯ ಬಳಿ ಹಿಡಿದಳು. ಕೋಣೆ ಮೌನವಾಗಿತ್ತು. ಅಂಚಿನಲ್ಲಿ ಬೂದು, ಬುಡದಲ್ಲಿ ಟೀ ಬಣ್ಣ, ನಡುವೆ ಹಳೆಯ ದಂತದ ಹೊಳಪು. ಒಂದೊಂದೇ ಕಣ್ಣಿಗೆ ಬಂದು ನಿಂತಿತು. "ಬಿದ್ದುಹೋದ ಹಲ್ಲು ಹೇಗಿದ್ವು?" ಎಂದು ಕೇಳಿದಳು.

ಮುದುಕರು ಬಾಯಿ ಮುಚ್ಚಿ, ಮತ್ತೆ ತೆರೆದರು. "ನೀವು ಮುಖ ನೋಡ್ತಿಲ್ವಲ್ಲ, ಅದಕ್ಕೆ ಹೇಳ್ಬಿಡ್ತೀನಿ. ಅವೆರಡರ ಮಧ್ಯೆ ಒಂದು ಸಂದಿ ಇತ್ತು. ನೌಕರಿ ಪೂರ್ತಿ ಅದ್ರಲ್ಲೇ ಸೀಟಿ ಹೊಡ್ದಿದ್ದೀನಿ. ಸಂದಿ ಮುಚ್ಚಿಸಿದ್ರೆ ಚೆನ್ನಾಗಿ ಕಾಣುತ್ತೆ ಅಂತಾರೆ ಮಕ್ಕಳು. ನಂಗೆ ಆ ಸಂದಿ ಬೇಕು. ಈ ವಯಸ್ಸಲ್ಲಿ ಡಾಕ್ಟರ ಹತ್ರ ಹೇಗೆ ಹೇಳೋದು, ನಾಚಿಕೆ."

"ಎಷ್ಟು ಅಗಲ?"

ಅವರು ಜೇಬಿನಿಂದ ಒಂದು ಫೋಟೋ ತೆಗೆದರು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬಾಯಿತುಂಬ ನಗುತ್ತಿದ್ದ ಯುವಕ. ಪುಟ್ಟಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಂತರ ಫೋನೆತ್ತಿ, ತಾನೇ ಡಾಕ್ಟರಿಗೆ ವಿಷಯ ತಿಳಿಸಿದಳು.

ಆ ಎರಡು ಹಲ್ಲುಗಳನ್ನು ಅವಳೇ ಕಟ್ಟಿದಳು. ಒಮ್ಮೆ ಕುಲುಮೆಯಿಂದ ಬಂದಾಗ ಬುಡದ ಬಣ್ಣ ತೀರ ತಿಳಿಯೆನಿಸಿ, ತೆಗೆದು ಮೊದಲಿಂದ ಮಾಡಿದಳು.

ಹಾಕಿ ನೋಡುವ ದಿನ ಮುದುಕರ ಜೊತೆ ಹೆಂಡತಿಯೂ ಮುಂದಿನ ಕೋಣೆಗೆ ಬಂದಿದ್ದರು. ಹಲ್ಲು ಕೂತಿತು. ಮುದುಕರು ಕನ್ನಡಿಯನ್ನು ಬದಿಗಿಟ್ಟು ಹೆಂಡತಿಯ ಕಡೆ ತಿರುಗಿದರು. ಆಕೆ ಹತ್ತಿರ ಬಂದು, ಮಗುವಿನ ಬಾಯಿ ನೋಡುವವರಂತೆ ಬಗ್ಗಿ ನೋಡಿದರು.

"ಇನ್ನೊಂದ್ ಸಲ ನಗಿ" ಎಂದರು.

ಹೆಂಡತಿಯ ನೆರಳು ಮುದುಕರ ಬಾಯಿಯ ಮೇಲೆ ಬಿದ್ದಿತ್ತು. ಪುಟ್ಟಿ ಅವರ ಹಿಂದಿನಿಂದ ಸುತ್ತಿಕೊಂಡು ಹೋಗಿ, ಕಿಟಕಿಯ ಪರದೆಯನ್ನು ಇನ್ನೊಂದು ಗೇಣು ಸರಿಸಿದಳು.