ಯಲ್ಲಮ್ಮ ಉಡಿಗೆ ಹಾಕಿದ ಕೂಸು

ಹೊರಗೆ ಬೂಟಿನ ಸಪ್ಪಳವಾದಾಗಲೆಲ್ಲ ಚಂದ್ರವ್ವನ ಜೀವ ಬಾಯಿಗೆ ಬರುತ್ತಿತ್ತು. ತೆಲುಗು ನಾಡಿನ ಆ ದೊಡ್ಡ ಊರಿನಲ್ಲಿ, ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಬೂಟು ಹಾಕಿ ಓಡಾಡುವವರಿಗೇನು ಕಡಿಮೆಯೇ? ಸಿಲಿಂಡರಿನವನು, ಕೊರಿಯರಿನವನು, ಬ್ಯಾಂಕಿನ ಕಾವಲುಗಾರ. ಪ್ರತಿಯೊಬ್ಬನಿಗೂ ಅವಳು ಎದ್ದು ಕದದ ಸಂದಿಯಲ್ಲಿ ಕಣ್ಣಿಡುವಳು, ಚಿಲಕ ಮುಟ್ಟಿ ನೋಡುವಳು, ಮೂಲೆಯಲ್ಲಿ ಆಡುತ್ತಿದ್ದ ಪೂರ್ವಿಯನ್ನು ಎಳೆದು ಅಪ್ಪಿಕೊಳ್ಳುವಳು. ಬಾಲವಾಡಿಗೂ ಹೋಗದ ಆ ಸಣ್ಣ ಕೂಸು "ಬಿಡವ್ವಾ" ಎಂದು ಕೊಸರಾಡುತ್ತಿತ್ತು.

ಇಷ್ಟಕ್ಕೆಲ್ಲ ಆ ಪಿಂಚಣಿ ಕ್ಯಾಂಪೇ ಮೂಲ, ಹಾಳಾಗಿ ಹೋಗಲಿ! ಚಂದ್ರವ್ವ ಜೋಗತಿ. ಗಂಡಾಗಿ ಹುಟ್ಟಿ, ಚಂದ್ರಾಮನೆಂದು ಹೆಸರಿಡಿಸಿಕೊಂಡು, ಹರೆಯದಲ್ಲಿ ಯಲ್ಲಮ್ಮನ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವಳು. ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿ ಹೊತ್ತು ಬಜಾರಿನ ಅಂಗಡಿಗಳ ಮುಂದೆ ಹಾಡಿದರೆ ವಾರದ ಅಕ್ಕಿಬೇಳೆಗೆ ಆಗುತ್ತಿತ್ತು. ಸರ್ಕಾರ ನಿಮ್ಮಂಥವರಿಗೆ ಪಿಂಚಣಿ ಕೊಡುತ್ತದೆ, ಮುಖ ತೋರಿಸಿ ಹೆಬ್ಬೆಟ್ಟು ಒತ್ತಿದರೆ ಸಾಕು ಎಂದು ಸುದ್ದಿಯಾದಾಗ ಗೆಳತಿ ಪ್ರೇಮಾಳ ಜೊತೆ ಇವಳೂ ಹೋದಳು. ಹೊಸ ಸೀರೆ, ಹಣೆ ತುಂಬ ದೇವಿಯ ಅರಿಶಿನದ ಭಂಡಾರ. ಮದುವೆಗೆ ಹೊರಟವಳ ಹಾಗೆ ಹೋಗಿದ್ದಳು, ಪಾಪ.

ಟ್ಯಾಬ್ ಹಿಡಿದ ಹುಡುಗಿ ನಗುನಗುತ್ತ ಎಲ್ಲ ಕೇಳಿದಳು. ಮನೆಯಲ್ಲಿ ಯಾರಿದ್ದಾರೆ? ಒಂದು ಹೆಣ್ಣುಕೂಸು. ಅದರ ತಂದೆತಾಯಿ? ಚಂದ್ರವ್ವ ತನ್ನ ಹರಕು ತೆಲುಗಿನಲ್ಲಿ, ಆದರೆ ಜೋಗತಿಯ ಧಾಟಿಯಲ್ಲೇ ಹೇಳಿಬಿಟ್ಟಳು: ಯಲ್ಲಮ್ಮ ನನ್ನ ಉಡಿಗೆ ಹಾಕಿದ್ದಾಳೆ, ನಾನೇ ತಾಯಿ, ನಾನೇ ತಂದೆ. ಗುರುಮಠಕಲ್ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಒಡಹುಟ್ಟಿದ ತಂಗಿ ಜ್ವರದಲ್ಲಿ ತೀರಿಕೊಂಡಳು, ಅವಳ ಗಂಡ ಮೊದಲೇ ಹೋಗಿದ್ದ, ಇದು ಅವರ ಮಗಳು ಎಂಬ ನೆಟ್ಟಗಿನ ಮಾತು ಬಾಯಿಗೇ ಬರಲಿಲ್ಲ. ದೇವಿ ಕೊಟ್ಟದ್ದಕ್ಕೆ ಸತ್ತವರ ಹೆಸರು ಅಂಟಿಸಬಾರದೆಂದು ಅವಳ ಗುರು ಕಲಿಸಿದ್ದಳು. ಹುಡುಗಿ 'ತಂದೆತಾಯಿ ಗೊತ್ತಿಲ್ಲ' ಎಂದು ಒತ್ತಿ, ಫೋಟೊ ತೆಗೆದು, ಮುಂದಿನವರನ್ನು ಕರೆದಳು.

ಪಿಂಚಣಿ ಬರಲಿಲ್ಲ. ಊರಲ್ಲಿ ಮಕ್ಕಳ ಕಳ್ಳರ ಗುಲ್ಲೆದ್ದು, ಅನುಮಾನ ಇವರಂಥವರ ಮೇಲೆ ಬಿತ್ತು. ಅಬಿಡ್ಸ್‌ನಲ್ಲಿ ಪೊಲೀಸರು ಪ್ರೇಮಾಳನ್ನು ಆಟೋದಿಂದ ಇಳಿಸಿ, ಮುಖ ಗುರುತು ಹಚ್ಚುವ ಫೋನನ್ನು ಎದುರಿಗೆ ಹಿಡಿದು, ಠಾಣೆಗೆ ಒಯ್ದರು. ಬಿಡಿಸಿಕೊಂಡು ಬಂದಾಗ ಅವಳ ತುಟಿ ಒಡೆದಿತ್ತು.

"ಕ್ಯಾಂಪಿನ ಫೋಟೊ ಅವರ ಫೋನ್‌ನಾಗ ಐತಿ, ಚಂದ್ರಿ. ಅದಽ ಸೀರಿ, ಅದಽ ಭಂಡಾರ. ನಿಂದೂ ತೋರಿಸಿದ್ರು. ಇದರ ಮನ್ಯಾಗಿನ ಕೂಸು ಯಾರ್ದು ಅಂತ ಕೇಳಿದ್ರು. ತಂಗಿ ಮಗಳ್ರಿ ಅಂದೆ. ಕ್ಯಾಂಪಿನಾಗ ತಂದಿತಾಯಿ ಗೊತ್ತಿಲ್ಲ ಅಂತ ಬರದೈತಿ, ಸುಳ್ಳು ಹೇಳ್ತೀ ಅಂತ ಹೊಡದ್ರು."

ಚಂದ್ರವ್ವ ಎದ್ದು ಕದದ ಚಿಲಕ ಹಾಕಿದಳು. ಅಂದಿನಿಂದ ಅವಳು ದೇವಿಯ ಬುಟ್ಟಿ ಹೊರಲಿಲ್ಲ, ಗಲ್ಲಿ ದಾಟಲಿಲ್ಲ.

ಒಂದು ಮಧ್ಯಾಹ್ನ ಮಹಡಿಯಿಂದ ಮನೆಯೊಡತಿ ಯಮುನಾಬಾಯಿ ಏದುಸಿರು ಬಿಡುತ್ತ ಇಳಿದು ಬಂದರು.

"ಆಚೆ ಗಲ್ಲಿಯೊಳಗ ಪೊಲೀಸರು ಮನಿಮನಿ ನೋಡ್ಲಿಕತ್ತಾರ, ಚಂದ್ರವ್ವಾ. ಕೂಸನ್ನ ನನ್ನ ಕಡೆ ಕೊಡು, ಊಟಾ ಮಾಡಸ್ತೀನಿ. ನೀ ಏನರೆ ದಾರಿ ಹುಡುಕು."

"ಒಯ್ದು ಯಾವುದರ ಹಾಸ್ಟೆಲ್‌ಗೆ ಹಾಕ್ತಾರ್ರಿ ಬಾಯಾರ. ಆಮ್ಯಾಗ ನನ್ನಂಥಾಕಿ ಕೈಗೆ ಯಾರು ಕೊಡ್ತಾರ?"

ದಾರಿ ಒಂದೇ ಇತ್ತು. ಹಳೆಯ ಆಧಾರ್ ಕಾರ್ಡಿನಲ್ಲಿ ಅವಳಿನ್ನೂ ಚಂದ್ರಾಮನೇ, ಶರ್ಟು ತೊಟ್ಟ ಗಂಡಸು. ತಂಗಿಯ ಕಾರ್ಡೂ ಟ್ರಂಕಿನಲ್ಲಿತ್ತು, ಎರಡರಲ್ಲೂ ಅಪ್ಪನ ಹೆಸರು ಒಂದೇ. ಜೋಗತಿಯ ಮಾತನ್ನು ನಂಬದವರು ಸೋದರಮಾವನ ಮಾತನ್ನು ನಂಬಿಯಾರು.

"ಪೂರ್ವಿ, ಯಾರರ ಕೇಳಿದ್ರ ನನ್ನ ಮಾಮಾ ಅನ್ನಬೇಕು, ಹಾಂ?"

ಕೂಸು ಕಿಲಕಿಲ ನಕ್ಕಿತು. "ಹೋಗವ್ವಾ! ನೀ ಅವ್ವ."

ಅದನ್ನು ಮೇಲೆ ಕಳಿಸಿ ಚಂದ್ರವ್ವ ಕತ್ತರಿ ಹಿಡಿದಳು. ಮುತ್ತು ಕಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು. ದೇವಿ ಮುನಿದಾಳೆಂಬ ಭಯ ಒಂದು ಕಡೆ, ಬೂಟಿನ ಭಯ ಒಂದು ಕಡೆ. ಅವಸರಕ್ಕೆ ಕತ್ತರಿ ತಗುಲಿ ಕಿವಿಯ ಹತ್ತಿರ ಗಾಯವೂ ಆಯಿತು. ಮುತ್ತಿನ ಸರ ಬಿಚ್ಚಿ ಅಕ್ಕಿ ಡಬ್ಬಿಯೊಳಗೆ ಹುಗಿದಳು. ಯಮುನಾಬಾಯಿ ತಂದುಕೊಟ್ಟ ತಮ್ಮ ಯಜಮಾನರ ಪ್ಯಾಂಟು ಶರ್ಟು ಹಾಕಿಕೊಂಡಳು. ಕನ್ನಡಿ ನೋಡುವ ಧೈರ್ಯವಾಗಲಿಲ್ಲ.

ಕದ ಬಡಿದದ್ದು ಆಗಲೇ.

ಇಬ್ಬರು ಪೊಲೀಸರು. ಚಂದ್ರವ್ವ ದನಿ ದಪ್ಪ ಮಾಡಿ ತೆಲುಗಿನಲ್ಲಿ ಹೇಳಿದಳು: ನಾನು ಚಂದ್ರಾಮ, ಕೂಸಿನ ಸೋದರಮಾವ, ಜೋಗತಿ ಊರಿಗೆ ಹೋಗಿದ್ದಾಳೆ. ಹಿರಿಯ ಪೇದೆ ಎರಡೂ ಕಾರ್ಡು ತಿರುವಿ ನೋಡಿದ, ಹೂಂ ಎಂದ, ಹೊರಡಲು ತಿರುಗಿಯೂ ಬಿಟ್ಟ. ಯಲ್ಲಮ್ಮಾ, ಕಾದೆಯಲ್ಲವ್ವಾ ಎಂದುಕೊಂಡಳು. ಅಷ್ಟರಲ್ಲಿ ಕಿರಿಯವನು ಸುಮ್ಮನೆ, ಅಭ್ಯಾಸಬಲದಿಂದಲೋ ಎಂಬಂತೆ, ಫೋನು ಎತ್ತಿ ಅವಳ ಮುಖಕ್ಕೆ ಹಿಡಿದ.

ಫೋನು ಟಿಣ್ಣೆಂದಿತು. ಪರದೆಯ ಮೇಲೆ ಹೊಸ ಸೀರೆ, ಹಣೆ ತುಂಬ ಭಂಡಾರ, ಬಾಯ್ತುಂಬ ನಗು. ಕಿರಿಯವನೂ ನಕ್ಕ. ವೇಷ ಯಾಕೆ ಹಾಕಿದೆ, ಕದ್ದದ್ದಕ್ಕೆ ತಾನೇ ಎಂದು ಕೇಳಿದ. ಹಿರಿಯವನು ಮಗುವನ್ನು ಕರೆಸಿದ.

ಯಮುನಾಬಾಯಿ ಪೂರ್ವಿಯ ಕೈ ಹಿಡಿದು ಇಳಿಸಿದರು. "ಈಕಿ ತಂಗಿ ಮಗಳಪ್ಪಾ, ನನಗ ಗೊತ್ತದ" ಎಂದು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಹೇಳಿದರು. ಹಿರಿಯವನು ಅವರ ಕಡೆ ನೋಡಲೂ ಇಲ್ಲ. ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಚಂದ್ರವ್ವನ ಕಡೆ ಬೆರಳು ತೋರಿಸಿ, ಇದು ಯಾರು ಪಾಪಾ ಎಂದು ಮೆತ್ತಗೆ ಕೇಳಿದ.

ಮಾಮಾ ಅನ್ನಲಿ, ಅವ್ವ ಅನ್ನಲಿ, ಏನಾದರೊಂದು ಅನ್ನಲಿ. ಚಂದ್ರವ್ವ ಕಣ್ಣಿನಲ್ಲೇ ಕೈಮುಗಿದಳು.

ಪೂರ್ವಿ ಆ ಬೋಳು ಕೊರಳು, ಕಿವಿಯ ರಕ್ತ, ಜೋಲು ಶರ್ಟು ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿತು. ಸರ್ರನೆ ಯಮುನಾಬಾಯಿಯ ಸೆರಗಿನ ಹಿಂದೆ ಸರಿದು ಅಳತೊಡಗಿತು.

"ಅಜ್ಜೀ, ಇಂವ ಯಾರು? ನಮ್ಮವ್ವ ಎಲ್ಲಿ?"

"ನಾನಽ ಪೂರ್ವಿ, ನಾನಽ ನಿಮ್ಮವ್ವ!" ಚಂದ್ರವ್ವ ಎರಡೂ ಕೈ ಚಾಚಿ ಮುಂದೆ ಬಂದಳು. ಕೂಸು ಇನ್ನೂ ಜೋರಾಗಿ ಚೀರಿ, ಹತ್ತಿರವಿದ್ದ ಪೇದೆಯ ಕೊರಳಿಗೇ ಜೋತುಬಿತ್ತು. ಅವನು ಅದನ್ನು ಎತ್ತಿಕೊಂಡು ಹೊರಗೆ ನಡೆದ.