ಮೂರು ಗೆರೆಯ ಕುರ್ಚಿ

ಕರುವಿನ ನಾಲಿಗೆ ಬೆರಳ ಸಂದಿಯಲ್ಲಿ ಉಪ್ಪುಕಾಗದದಷ್ಟು ಒರಟು, ಹಾಲು ಮುಗಿದರೂ ಬಿಡದು, ಖಾಲಿ ಬಕೆಟ್ಟಿನ ತಳಕ್ಕೆ ಮೂತಿಯಿಂದ ಗುದ್ದುತ್ತದೆ, ಗುದ್ದಿದಾಗಲೆಲ್ಲ ತಗಡು ದಡ್ ಅನ್ನುತ್ತದೆ, ಆ ಸದ್ದಿನ ಹಿಂದೆ ಇನ್ನೊಂದು ಸದ್ದು ಇತ್ತೇ, ಗೊರಸಿನದು — ಲವಿನಾ ಪೆಕ್ ಬೆರಳು ಎಳೆದುಕೊಂಡು ನಿಂತಳು, ದಿಬ್ಬದ ಕಡೆ ನೋಡಿದಳು, ಧೂಳು ಎದ್ದಿದೆ, ಇಲ್ಲ, ಗಾಳಿ, ಈ ವಯೋಮಿಂಗ್‌ನಲ್ಲಿ ಗಾಳಿಗೆ ಬೇರೆ ಕೆಲಸವೇ ಇಲ್ಲ, ಎಬ್ಬಿಸುವುದು, ಕೆಡವುವುದು, ಮತ್ತೆ ಎಬ್ಬಿಸುವುದು. ಹೊಳೆ ದಾಟುವ ಜಾಗ ಮನೆಯಿಂದ ಕಾಲು ಮೈಲಿ, ಉತ್ತರಕ್ಕೆ ಮೊಂಟಾನಕ್ಕೆ ಹೋಗುವವನು ಅಲ್ಲಿ ದಾಟಲೇಬೇಕು, ದಾಟಿದ ಮೇಲೆ ದಾರಿ ಎರಡಾಗುತ್ತದೆ, ಎಡಕ್ಕೆ ತಿರುಗಿದರೆ ಇವಳ ಬಾಗಿಲು, ನೆಟ್ಟಗೆ ಹೋದರೆ ಮೊಂಟಾನ. ಆನ್ಸೆಲ್ ಇವತ್ತು ಬರುತ್ತಾನೆ, ಅಥವಾ ಆಗಲೇ ದಾಟಿ ಹೋಗಿದ್ದಾನೆ, ಬೆಳಗ್ಗೆ ಇವಳು ನೆರೆಯ ಓಡಾ ಟಟಲ್‌ಳ ಮಾತು ಕೇಳುತ್ತ ನಿಂತಿದ್ದಾಗಲೇ ದಾಟಿಬಿಟ್ಟಿದ್ದರೆ — ಇಲ್ಲ, ದಾರಿಯಲ್ಲಿ ಒಂದು ನರಪಿಳ್ಳೆ ಸಿಗಲಿಲ್ಲ ಅಂದಳಲ್ಲ ಓಡಾ. ದಾರಿ ಬದಿಯ ಕಂಬಕ್ಕೆ ಬಿಳಿ ಬಟ್ಟೆ ಕಟ್ಟಿದೆ, ಬಟ್ಟೆ ಕಂಡರೆ ಟಪಾಲು ಗಾಡಿ ನಿಲ್ಲುತ್ತದೆ, ಕಾಣದಿದ್ದರೆ ಹಾಗೇ ಹೋಗುತ್ತದೆ, ಬುಧವಾರ ಮತ್ತು ಶನಿವಾರ, ಮಧ್ಯಾಹ್ನ ಒಂದರ ಸುಮಾರಿಗೆ. ಇವತ್ತು ಬುಧವಾರ. ಬೆಳಗ್ಗೆಯಿಂದ ಆ ಬಟ್ಟೆಯನ್ನು ಎರಡು ಸಲ ಕಟ್ಟಿ ಒಂದು ಸಲ ಬಿಚ್ಚಿದ್ದಾಳೆ.

ಒಳಗೆ ಹೋದಳು, ಯಾಕೆ ಬಂದೆನೆಂದು ಮರೆತಳು, ಒಲೆಯ ಮೇಲೆ ಬೀನ್ಸ್ ಕುದಿಯುತ್ತಿದೆ, ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಕೆಳಗೆ ಕಾಗದ, ಅದನ್ನು ನೋಡಬಾರದೆಂದು ಕುರ್ಚಿ ನೋಡಿದಳು. ಮನೆಯಲ್ಲಿ ಇರುವುದು ಇದೊಂದೇ ಕುರ್ಚಿ, ಗಂಡ ಆರಿನ್ ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಕೊಡಲಿ ಮತ್ತು ಚಾಕು ಹಿಡಿದು ಮಾಡಿದ್ದು, ಒಂದು ಕಾಲು ಸಾಸಿವೆಕಾಳಿನಷ್ಟು ಗಿಡ್ಡ, ಕೂತರೆ ಟಕ್ ಅನ್ನುತ್ತದೆ, ಎದ್ದರೆ ಟಕ್, ಊಟ ಮಾಡುವಾಗ ಮಾತಿಗೊಂದು ಟಕ್, ನಾಳೆ ಸರಿ ಮಾಡ್ತೀನಿ ಕಣೇ ಅನ್ನುತ್ತಿದ್ದ ಆರಿನ್, ನಾಲ್ಕು ವರ್ಷ ಅಂದ. ಆಮೇಲೆ ಅಕ್ಟೋಬರಿನಲ್ಲಿ ಬಾವಿ ತೋಡುವಾಗ ಹದಿನೆಂಟು ಅಡಿ ಆಳದಲ್ಲಿ ಬದಿಯ ಮಣ್ಣು ಕುಸಿಯಿತು, ಇವಳು ಮೇಲೆ ಹಗ್ಗ ಹಿಡಿದಿದ್ದಳು, ಹಗ್ಗ ಹಗುರವಾಯಿತು, ಅಷ್ಟೇ, ಕೂಗೂ ಇಲ್ಲ. ಇಲ್ಲಿನ ದೊಡ್ಡ ದನದ ಕಂಪನಿಯಲ್ಲಿ ಮಂದೆ ಹೊಡೆಯುವ ಏಳು ಜನ ಮಧ್ಯಾಹ್ನದವರೆಗೆ ಅಗೆದರು, ಹೊರಗೆ ತಂದವನು ಆನ್ಸೆಲ್ ಕ್ರೋ, ಮೈಯೆಲ್ಲ ಹಳದಿ ಮಣ್ಣು, ಹೆಗಲ ಮೇಲೆ ಆರಿನ್, ಆರಿನ್ ಮೈಯೂ ಹಳದಿ, ಯಾರು ಯಾರೆಂದು ಒಂದು ಗಳಿಗೆ ತಿಳಿಯಲಿಲ್ಲ. ಆ ಒಂದು ಗಳಿಗೆಯ ವಿಷಯ ಅವಳು ಯಾರಿಗೂ ಹೇಳಿಲ್ಲ. ಆರಿನ್‌ನನ್ನು ಹೊತ್ತು ತಂದವನು ತಾನೆಂದೇ ಇರಬೇಕು ಆನ್ಸೆಲ್ ಆ ಕುರ್ಚಿಯಲ್ಲಿ ಕೂರುವುದಿಲ್ಲ, ಒಂದೂವರೆ ವರ್ಷದಿಂದ ಭಾನುವಾರ ಬರುತ್ತಾನೆ, ಸೌದೆ ಒಡೆಯುತ್ತಾನೆ, ಕೀಲು ಕಿತ್ತ ಬಾಗಿಲು ಕೂರಿಸುತ್ತಾನೆ, ಹೊಸ್ತಿಲ ಹೊರಗೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಕಾಫಿ ಕುಡಿಯುತ್ತಾನೆ, ಟೋಪಿ ಮಂಡಿಯ ಮೇಲೆ. ಒಳಗೆ ಬನ್ನಿ, ಹೊರಗೆ ಗಾಳಿ. ಪರವಾಗಿಲ್ಲ ಮಿಸೆಸ್ ಪೆಕ್, ಒಳಗೆ ಬಂದ್ರೆ ನಿಮ್ಮ ನೆಲಕ್ಕೆ ಮಣ್ಣು. ನೆಲವೂ ಮಣ್ಣೇ ಅಲ್ಲವೇ, ಮಣ್ಣಿನ ನೆಲಕ್ಕೆ ಮಣ್ಣು ಮೆತ್ತಿದರೆ ಏನಾಗುತ್ತದೆ ಎಂದು ಅವಳು ಕೇಳಲಿಲ್ಲ, ಕೇಳಬೇಕಿತ್ತು, ಎಷ್ಟೋ ಕೇಳಬೇಕಿತ್ತು.

ಬಟ್ಟೆ ಇನ್ನೂ ಇದೆ ಕಂಬದ ಮೇಲೆ, ಕಿಟಕಿಯಿಂದ ಕಾಣುತ್ತದೆ, ಪಟಪಟ ಹೊಡೆದುಕೊಳ್ಳುತ್ತಿದೆ. ಕರು ಮತ್ತೆ ಕೂಗಿತು, ಹೊಟ್ಟೆಬಾಕ, ಮಾರ್ಚಿನಲ್ಲಿ ಅಂಗೈಯಲ್ಲಿ ಹಿಡಿಯುವಷ್ಟಿತ್ತು ತಲೆ, ಹಿಮ ಮೂರು ದಿನ ಬಿದ್ದ ಮೇಲೆ ನಾಲ್ಕನೆಯ ದಿನ ಆನ್ಸೆಲ್ ಬಂದ, ಜೀನಿನ ಮುಂದೆ ಅಡ್ಡಲಾಗಿ ಚೀಲದ ಹಾಗೆ ಏನೋ ಇತ್ತು, ಚೀಲಕ್ಕೆ ಕಿವಿ ಇದ್ದವು. ತಾಯಿ ಹಿಮದ ಕೆಳಗೆ ಸತ್ತಿತ್ತಂತೆ, ಪಕ್ಕೆಯ ಮೇಲೆ ಸುಟ್ಟು ಹಾಕಿದ ಮಾಲೀಕನ ಗುರುತು ಕಾಣಲಿಲ್ಲವಂತೆ, ಇಂಥ ತಬ್ಬಲಿ ಸಿಕ್ಕರೆ ತಲೆಗೊಂದು ಏಟು ಹಾಕಿ ಮುಗಿಸಿ ಎಂದು ಮೇಸ್ತ್ರಿ ಸ್ಟ್ರೌಡ್‌ನ ಅಪ್ಪಣೆ, ಕೈಯಿಂದ ಹಾಲು ಕುಡಿಸಲು ಕಂಪನಿಯಲ್ಲಿ ಯಾರಿಗೆ ಪುರುಸೊತ್ತು. ಕೊಡಲಿ ಎತ್ತಿದೆ ಮಿಸೆಸ್ ಪೆಕ್, ಅದು ನನ್ನ ಬೆರಳು ಚೀಪೋಕೆ ಶುರು ಮಾಡ್ತು. ಅಷ್ಟೇ ಹೇಳಿದ, ಕೆಂಪಾದ, ಹಿಮದಿಂದ ಕೆಂಪಾಗಿದ್ದವನು ಇನ್ನಷ್ಟು ಕೆಂಪಾದ. ಆ ವಾರ ಎರಡು ದಿನ ಕೊಟ್ಟಿಗೆಯಲ್ಲೇ ಇದ್ದ, ಕರುವನ್ನು ಕೋಟಿನೊಳಗೆ ಸೇರಿಸಿಕೊಂಡು, ಮನೆಯೊಳಗೆ ಬೆಂಕಿ ಇದ್ದರೂ ಬರಲಿಲ್ಲ, ನಾಳೆ ನಾಲ್ಕು ಜನ ಮಾತಾಡಬಾರದೆಂದು, ಇಪ್ಪತ್ತು ಮೈಲಿ ಸುತ್ತಳತೆಯಲ್ಲಿ ನಾಲ್ಕು ಜನ ಎಲ್ಲಿದ್ದಾರೆ. ಅವನು ಕರುವಿಗೆ ಹಾಡುವುದು ಗೋಡೆಯಾಚೆ ಕೇಳುತ್ತಿತ್ತು, ಮಂದೆ ಬೆದರದಿರಲಿ ಎಂದು ಹಾಡುತ್ತಾರಲ್ಲ ಹಾಗೆ, ಅರ್ಧ ಮಾತು ಅರ್ಧ ಗುನುಗು, ಅವಳು ರೊಟ್ಟಿ ಹಿಟ್ಟು ನಾದುವುದು ನಿಲ್ಲಿಸಿ ನಿಂತಿದ್ದಳು, ಕೈಗೆ ಹಿಟ್ಟು ಒಣಗುವವರೆಗೆ. ಏಪ್ರಿಲಿನಲ್ಲಿ ಬಕೆಟ್ಟಿನ ಮೇಲೆ ಕೂತು, ಕಡ್ಡಿಯಿಂದ ಧೂಳಿನಲ್ಲಿ ಗೆರೆ ಎಳೆದ, ನೆಟ್ಟಗೊಂದು, ಅಡ್ಡಕ್ಕೊಂದು, ಮತ್ತೆ ಕೆಳಗೊಂದು. ನಂಗೂ ಅಂತ ಒಂದು ದನ ಇದ್ದಿದ್ರೆ ಅದಕ್ಕೆ ಈ ಗುರುತು ಹಾಕ್ತಿದ್ದೆ, ಕುರ್ಚಿ, ಹದಿನಾಲ್ಕು ವರ್ಷ ಆಯ್ತು ಜೀನಿನ ಮೇಲೇ ಕೂತು. ಹಾಗಾದ್ರೆ ಹಾಕಿ. ನಕ್ಕ, ಕಂಪನಿ ರೊಟ್ಟಿ ತಿನ್ನೋರು ಸ್ವಂತಕ್ಕೆ ಒಂದು ದನದ ಬಾಲಾನೂ ಇಟ್ಕೊಳ್ಳೋ ಹಾಗಿಲ್ಲ ಮಿಸೆಸ್ ಪೆಕ್, ಬೂಟಿನಿಂದ ಗೆರೆ ಅಳಿಸಿದ. ಅವಳಿಗೆ ಅದು ತಮಾಷೆ ಅನಿಸಿತು. ಬೆನ್ನು, ಹಲಗೆ, ಕಾಲು. ಅಳಿಸಿದ ಮೇಲೂ ಕಾಣುತ್ತಿತ್ತು.

ತಮಾಷೆಯಲ್ಲ ಎಂದು ಒಹಾಯೋದ ಜೋಳದ ಹೊಲದಿಂದ ಬಂದವಳಿಗೆ ಹೇಗೆ ಗೊತ್ತಾಗಬೇಕು. ಗೊತ್ತಿದ್ದದ್ದು ಒಂದೇ, ಮೇ ತಿಂಗಳಲ್ಲಿ ದನ ಕೂಡಿಸಲು ಬರುತ್ತಾರೆ, ಬರೆ ಇಲ್ಲದ ಕರು ಕಂಡರೆ ಕಂಪನಿಯ ಬರೆ ಹಾಕಿ ಹೊಡೆದುಕೊಂಡು ಹೋಗುತ್ತಾರೆ, ಆರಿನ್‌ನ ಗುರುತು ಅವನ ಮಂದೆಯ ಜೊತೆಗೇ ಮಾರಿ ಹೋಗಿದೆ, ಕರು ಉಳಿಯಬೇಕಾದರೆ ಹೊಸ ಗುರುತು ಬೇಕು. ಕುರ್ಚಿ ಗುರುತು ದಾಖಲಿಸಲು ಜಿಲ್ಲಾ ಕಚೇರಿಗೆ ಮೂವತ್ತೊಂದು ಮೈಲಿ ಗಾಡಿ ಹೊಡೆದುಕೊಂಡು ಹೋದಳು, ಗುಮಾಸ್ತ ತಲೆ ಎತ್ತಲಿಲ್ಲ, ಯಾರ ಹೆಸರಿಗೆ, ಲವಿನಾ ಪೆಕ್, ಅಷ್ಟೇನಾ, ಆಗ ಅವಳ ಬಾಯಿ ಅವಳನ್ನು ಕೇಳದೆ ಹೇಳಿತು, ಮತ್ತು ಆನ್ಸೆಲ್ ಕ್ರೋ. ಬರೆದುಕೊಂಡ. ಅಷ್ಟು ಸುಲಭ. ಮದುವೆಗೂ ಇಷ್ಟೇ ಹೊತ್ತು ಹಿಡಿದಿತ್ತು. ಕಮ್ಮಾರನ ಹತ್ತಿರ ಬರೆ ಹಾಕುವ ಕಬ್ಬಿಣ ಮಾಡಿಸಿದಳು, ಮೂರು ಗೆರೆ, ಅದು ಬಾಗಿಲ ಹಿಂದೆ ನೇತಾಡುತ್ತಿದೆ, ಹೊಚ್ಚ ಹೊಸದು, ಬೆಂಕಿ ಕಂಡಿಲ್ಲ. ಹೊಸ ಗುರುತಿನ ಪ್ರಕಟಣೆ ಪತ್ರಿಕೆಯಲ್ಲಿ ಬಂತು, ನಾಲ್ಕನೆಯ ಪುಟ, ಎರಡನೆಯ ಅಂಕಣ, ಎತ್ತಿನ ಚಿತ್ರ, ಎಡ ಪಕ್ಕೆಯ ಮೇಲೆ ಪುಟ್ಟ ಕುರ್ಚಿ, ಕೆಳಗೆ ಎರಡು ಹೆಸರು ಅಕ್ಕಪಕ್ಕ, ಕತ್ತರಿಸಿ ಇಟ್ಟಳು, ಭಾನುವಾರ ತೋರಿಸಬೇಕು, ಕಾಫಿ ಕುಡಿದ ಮೇಲೆ, ಏನೂ ಹೇಳದೆ ಕೈಗೆ ಕೊಡಬೇಕು. ಮೇಸ್ತ್ರಿಗಳು ಪತ್ರಿಕೆ ಕೈಗೆ ಬಂದರೆ ಮೊದಲು ತೆರೆಯುವುದೇ ನಾಲ್ಕನೆಯ ಪುಟ ಎಂದು ಯಾರು ಹೇಳಬೇಕಿತ್ತು. ನೀನು ಯಾರನ್ನಾದ್ರೂ ಕೇಳ್ಬೇಕಿತ್ತು ಕಣೇ, ನನ್ನ ಕೇಳ್ಬೇಕಿತ್ತು, ಅಂದಳು ಓಡಾ, ಗಾಡಿಯಿಂದ ಇಳಿಯದೆ, ನಾಲ್ಕು ಮೈಲಿ ಬಂದದ್ದು ಇದನ್ನು ಹೇಳುವುದಕ್ಕೇ. ನಿನ್ನೆ ಓಡಾಳ ಗಂಡ ಕಂಪನಿಯ ಬಿಡಾರಕ್ಕೆ ಹಿಟ್ಟಿನ ಮೂಟೆ ಒಯ್ದಿದ್ದನಂತೆ, ಅವನ ಕಣ್ಣೆದುರೇ ಸ್ಟ್ರೌಡ್ ಊಟದ ಬಂಡಿಯ ಹತ್ತಿರ ಪತ್ರಿಕೆ ಗಟ್ಟಿಯಾಗಿ ಓದಿದನಂತೆ, ಏನಯ್ಯಾ ಕ್ರೋ, ಯಾವತ್ತು ಸಾಹುಕಾರ ಆದೆ, ಒಂದು ಮಾತು ಹೇಳಿದ್ರೆ ನಾವೆಲ್ಲ ಟೋಪಿ ತೆಗೆದು ನಿಲ್ತಿದ್ವಲ್ಲ. ಇಪ್ಪತ್ತು ಜನ ನಕ್ಕರಂತೆ. ಸ್ವಂತ ದನ ಇಟ್ಟವನು ಕಂಪನಿಯ ಕರು ಕದಿಯುತ್ತಾನೆ ಎಂಬುದು ಇಲ್ಲಿನ ಲೆಕ್ಕ, ಅವನಿಗೆ ಕೆಲಸವಿಲ್ಲ, ಈ ಕಂಪನಿಯಲ್ಲಿ ಮಾತ್ರವಲ್ಲ, ಈ ಪ್ರಾಂತ್ಯದ ಯಾವ ದೊಡ್ಡ ಮಾಲೀಕನ ಹತ್ತಿರವೂ ಇಲ್ಲ, ಹೆಸರು ಕೆಲಸ ಕೊಡಬಾರದವರ ಪಟ್ಟಿಗೆ ಹೋಗುತ್ತದೆ, ಮತ್ತೆ ದುಡಿಯಬೇಕಾದರೆ ಮೊಂಟಾನಕ್ಕೇ ಹೋಗಬೇಕು. ಕಳ್ಳ ಅಂತ ನೇಣಿಗೆ ಹಗ್ಗ ತರಲಿಲ್ವಲ್ಲ, ಅದಕ್ಕೆ ದೇವರಿಗೆ ಕೈ ಮುಗಿ. ಅವರು ಏನಂದ್ರು, ಲವಿನಾ ಕೇಳಿದಳು. ಯಾರು, ನಿನ್ನ ಪಾಲುದಾರನಾ, ಪತ್ರಿಕೆ ಇಸ್ಕೊಂಡು ಚಿತ್ರಾನ ಬಹಳ ಹೊತ್ತು ನೋಡಿದನಂತೆ, ಚೆನ್ನಾಗಿ ಬರೆದಿದ್ದಾರೆ ಅಂದನಂತೆ, ಕಂಪನಿ ಕುದುರೆಯಿಂದ ಜೀನು ಇಳಿಸಿ ತನ್ನ ಕುದುರೆಗೆ ಹಾಕಿದನಂತೆ. ಅಷ್ಟೇ. ನನಗೆ ಗೊತ್ತಿಲ್ಲ ಅನ್ನಬಹುದಿತ್ತು, ಆ ಹೆಂಗಸು ಹೇಳದೆ ಕೇಳದೆ ಹಾಕಿಸಿದ್ದಾಳೆ ಅನ್ನಬಹುದಿತ್ತು, ಅದು ನಿಜವೂ ಆಗಿತ್ತು. ಅನ್ನಲಿಲ್ಲ. ಯಾಕೆ ಅನ್ನಲಿಲ್ಲ, ಬೆಳಗ್ಗೆಯಿಂದ ಇದೊಂದನ್ನೇ ತಿರುಗಿಸುತ್ತಿದ್ದಾಳೆ, ಸೌಟು ತಿರುಗಿಸಿದ ಹಾಗೆ, ಬೀನ್ಸ್ ತಳ ಹತ್ತುತ್ತಿದೆ, ಇಳಿಸಿದಳು, ಅಂಚು ಸುಟ್ಟಿತು, ಬೆರಳು ಬಾಯಿಗಿಟ್ಟುಕೊಂಡಳು, ಕರುವಿನ ಹಾಲಿನ ವಾಸನೆ.

ಕಾಗದ ಓಡಾ ಹೇಳಿ ಬರೆಸಿದ್ದು. ಸಂಪಾದಕರಿಗೆ. ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಕುರ್ಚಿ ಗುರುತಿನ ಪ್ರಕಟಣೆಯಲ್ಲಿ ಎರಡನೆಯ ಹೆಸರು ತಪ್ಪಿನಿಂದ ಸೇರಿದೆ. ಆ ವ್ಯಕ್ತಿ ನನಗೆ ಪರಿಚಿತನಲ್ಲ. ಎರಡು ಸಾಲು. ಇವತ್ತಿನ ಗಾಡಿಗೆ ಹೋದರೆ ಶನಿವಾರ ಅಚ್ಚಾಗುತ್ತದೆ, ದನ ಕೂಡಿಸುವ ಕೆಲಸಕ್ಕೆ ಜನ ಸಾಲದು, ಸ್ಟ್ರೌಡ್ ಬೈದುಕೊಂಡೇ ವಾಪಸ್ ಕರೆಯುತ್ತಾನೆ, ಪಟ್ಟಿ ಇನ್ನೂ ಹೊರಟಿಲ್ಲ. ನೀನೇ ಕೈಯಾರೆ ಗಾಡಿಗೆ ಹಾಕು, ಅಂದು ಹೋದಳು ಓಡಾ. ಹಾಕಬೇಕು. ಅವನ ರೊಟ್ಟಿ ಕಿತ್ತವಳು ವಾಪಸ್ ಕೊಡಬೇಕು, ಅದರಲ್ಲಿ ಯೋಚಿಸುವುದೇನಿದೆ, ಬಟ್ಟೆ ಕಟ್ಟಿದ್ದಾಳಲ್ಲ. ಆದರೆ ಪರಿಚಿತನಲ್ಲ ಎಂದು ಇಡೀ ಜಿಲ್ಲೆ ಓದಿದ ಮೇಲೆ ಅವನು ಯಾವ ಮುಖದಿಂದ ಭಾನುವಾರ ಬರುತ್ತಾನೆ, ಬಂದರೆ ಕಾಗದ ಸುಳ್ಳಾಗುತ್ತದೆ, ಬರುವುದಿಲ್ಲ, ಬೇರೆ ದಾರಿಯಲ್ಲಿ ಮಂದೆ ಹೊಡೆಯುತ್ತಾನೆ, ದೂರದಿಂದ ಟೋಪಿ ಎತ್ತುತ್ತಾನೆ. ಹಾಕದಿದ್ದರೆ ಮೊಂಟಾನ. ಮೊಂಟಾನಕ್ಕೆ ಇವಳೂ ಹೋಗಬಹುದು — ಹೋಗಲಾರಳು, ಸರ್ಕಾರದ ಜಮೀನು ಇವಳ ಹೆಸರಿಗೆ ಆಗಲು ಇನ್ನೂ ಎಂಟು ತಿಂಗಳು ಇಲ್ಲೇ ವಾಸವಿರಬೇಕು, ಆರು ತಿಂಗಳು ಬಿಟ್ಟು ಹೋದರೆ ಕೈ ತಪ್ಪುತ್ತದೆ, ಹದಿನೆಂಟು ಅಡಿ ಬಾವಿಯೂ ಅದರೊಳಗೆ ಇದ್ದದ್ದೂ ಎಲ್ಲ ಯಾರದೋ ಆಗುತ್ತದೆ. ಬಟ್ಟೆ ಬಿಚ್ಚಬೇಕು. ಹೊಸ್ತಿಲವರೆಗೆ ಹೋದಳು. ಬಕೆಟ್ಟು ಕೊಟ್ಟಿಗೆ ಹತ್ತಿರವೇ ಬಿಟ್ಟಿದ್ದಾಳೆ, ಅವನು ಬಂದರೆ ಕೂರಲು ಇಲ್ಲಿ ಏನೂ ಇಲ್ಲ, ಎಂಥ ಯೋಚನೆ, ದೇಶಾಂತರ ಹೋಗುವವನು ಕೂರುತ್ತಾನೆಯೇ. ಬಕೆಟ್ಟು ತಂದಳು, ಬೋರಲು ಹಾಕಿದಳು, ಎತ್ತಿದಳು, ಮತ್ತೆ ಹಾಕಿದಳು. ಹೊಳೆಯಲ್ಲಿ ನೀರು ಚಿಮ್ಮಿದ ಸದ್ದು, ಈ ಸಲ ಗಾಳಿಯಲ್ಲ.

ಎಡಕ್ಕೆ, ಎಡಕ್ಕೆ ಎಂದು ಹೇಳಿಕೊಳ್ಳುತ್ತಿರುವುದು ತನ್ನ ಬಾಯಿ ಎಂದು ತಿಳಿಯುವ ಹೊತ್ತಿಗೆ ಕುದುರೆ ಎಡಕ್ಕೆ ತಿರುಗಿತ್ತು. ಜೀನಿನ ಹಿಂದೆ ಕಂಬಳಿ ಸುತ್ತಿ ಕಟ್ಟಿದೆ, ಮಳೆಕೋಟು ಕಟ್ಟಿದೆ, ಎಲ್ಲ ಕಟ್ಟಿಕೊಂಡೇ ಬಂದಿದ್ದಾನೆ. ಇಳಿದ. ಟೋಪಿ ತೆಗೆದ. ಮಿಸೆಸ್ ಪೆಕ್. ಮಿಸ್ಟರ್ ಕ್ರೋ. ಹೀಗಾಗುತ್ತೆ ಅಂತ ನಂಗೆ ಗೊತ್ತಿರಲಿಲ್ಲ ಅಂದಳು, ಗೊತ್ತಿರಲಿಲ್ಲ ಅಂತ ನಂಗೆ ಗೊತ್ತು ಅಂದ, ಬಕೆಟ್ಟು ನೋಡಿದ, ಕೂರಲಿಲ್ಲ. ಒಂದು ಕಾಗದ ಇದೆ ಒಳಗೆ, ಅವಳು ಅಂದಳು, ಗಾಡಿ ಬರೋ ಹೊತ್ತು, ಅದು ಹೋದ್ರೆ ನಿಮ್ಮ ಕೆಲಸ ವಾಪಸ್ ಬರುತ್ತೆ. ಅವನು ಬೂಟಿನ ಮಣ್ಣು ಹೊಸ್ತಿಲಿಗೆ ಒರೆಸಿದ, ಎರಡೂ ಬೂಟು, ಒರೆಸಿ ಒಳಗೆ ಬಂದ, ತಲೆ ಬಾಗಿಸಿ, ಚೌಕಟ್ಟು ತಗ್ಗು. ಸಕ್ಕರೆ ಡಬ್ಬಿ ಸರಿಸಿ ಕಾಗದ ತೆಗೆದ, ಕೈಬರಹ ಅವನಿಗೆ ನಿಧಾನ, ತುಟಿ ಅಲುಗಿಸುತ್ತ ಓದುತ್ತಾನೆ, ಎರಡು ಸಾಲು ಓದಲು ಇಷ್ಟು ಹೊತ್ತೇ, ಎರಡನೆಯ ಸಾಲನ್ನು ಎರಡು ಸಲ ಓದಿದ.

ಪರಿಚಯ ಇಲ್ವಾ.

ಓಡಾ ಹೇಳಿದ್ದು, ನಾನು ಬರೆದೆ. ಅವನು ಕಾಗದ ಮಡಿಚಿದ. ಇದು ಹೋಗ್ಬೇಕು ಅಂತ ನಿಮಗೆ ಇದ್ಯಾ. ಹೋದ್ರೆ ನಿಮ್ಮ ಕೆಲಸ — ನಾನು ಕೇಳಿದ್ದು ಅದಲ್ಲ ಮಿಸೆಸ್ ಪೆಕ್. ಇನ್ನೊಂದು ಸಲ ಮಡಿಚಿದ, ಮತ್ತೊಂದು ಸಲ, ಉಗುರಿನಿಂದ ಅಂಚು ತೀಡಿದ, ಹರಿಯುತ್ತಾನೆ, ಇಲ್ಲ, ಜೇಬಿಗೆ ಹಾಕುತ್ತಾನೆ, ಹಾಕಿಕೊಂಡು ಹೋಗುತ್ತಾನೆ, ಸ್ಟ್ರೌಡ್‌ನ ಕೈಗೆ ತಾನೇ ಕೊಡುತ್ತಾನೆ, ಕೊಡಲಿ, ಅದೇ ಸರಿ. ದಾರಿಯಲ್ಲಿ ಗಾಲಿಗಳ ಸದ್ದು, ಬ್ರೇಕಿನ ಕಿರುಚು, ಬಟ್ಟೆ ಕಂಡು ನಿಂತಿದೆ, ಗಾಡಿಯವನು ಕೂಗುತ್ತಿದ್ದಾನೆ, ಮಿಸೆಸ್ ಪೆಕ್, ಟಪಾಲು ಇದ್ಯಾ. ಆನ್ಸೆಲ್ ಅವಳ ಮುಖ ನೋಡುತ್ತಿದ್ದಾನೆ, ಕಾಗದ ಅಂಗೈಯಲ್ಲಿದೆ, ಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಬಾಗಿಲಿಗೆ ಹೋದಳು. ಇಲ್ಲ ಅಂದಳು. ಇಲ್ಲಾಂದ್ರೆ ಬಟ್ಟೆ ಯಾಕೆ ಕಟ್ಟಿದ್ರಿ. ಒಣಗೋಕೆ. ಗಾಡಿಯವನು ಏನೋ ಗೊಣಗಿದ, ಚಾವಟಿ ಬೀಸಿದ, ಗಾಲಿ ಹೊರಟವು, ಧೂಳು ಎದ್ದಿತು, ಆ ಧೂಳಿನಲ್ಲಿ ಬೇಲಿ ಕಾಣಲಿಲ್ಲ, ಕರು ಕಾಣಲಿಲ್ಲ, ಇಷ್ಟೇ, ಇನ್ನು ಅವನಿಗೆ ಈ ಪ್ರಾಂತ್ಯದಲ್ಲಿ ಕೆಲಸವಿಲ್ಲ, ಒಂದು ಮಾತಿನಿಂದ ಒಂದು ಸಲ ಕಿತ್ತಳು, ಇನ್ನೊಂದು ಮಾತಿನಿಂದ ಎರಡನೆಯ ಸಲ, ತಿರುಗಿ ನೋಡಲು ಧೈರ್ಯವಿಲ್ಲ, ಬೆನ್ನ ಹಿಂದೆ ಮರ ಎಳೆದ ಸದ್ದು, ಏನು ಮಾಡುತ್ತಿದ್ದಾನೆ, ಕರು ಕಾಯುತ್ತಿದೆ, ಬಾಗಿಲ ಹಿಂದೆ ಕಬ್ಬಿಣ, ಸ್ಟ್ರೌಡ್ ಬರುವುದರೊಳಗೆ ಅದನ್ನು ಕಾಯಿಸಲು ಒಲೆಗೆ ಸೌದೆ ತುಂಬಬೇಕು. ಆ ಬಕೆಟ್ಟು ಒಳಗೆ ತಗೊಂಬಾ, ಅವನ ದನಿ, ನಿಂಗೂ ಕೂರೋಕೆ ಬೇಕಲ್ಲ. ತಿರುಗಿದಳು. ಅವನು ನೆಲಕ್ಕೆ ಮಂಡಿಯೂರಿದ್ದಾನೆ, ಒಂದು ಕೈಯಲ್ಲಿ ಕುರ್ಚಿಯ ಕಾಲು ಎತ್ತಿ ಹಿಡಿದು ಇನ್ನೊಂದು ಕೈಯಿಂದ ಅದರ ಕೆಳಗೆ ಕಾಗದ ತುರುಕುತ್ತಿದ್ದಾನೆ, ಎಂಟು ಪದರ, ಸಾಸಿವೆಕಾಳಿನಷ್ಟು ದಪ್ಪ. ಎದ್ದ. ಮಂಡಿಯ ಮಣ್ಣು ಕೊಡವಿದ. ಟೋಪಿ ಮೇಜಿನ ಮೇಲಿಟ್ಟ. ಕೂತ. ಅವಳು ಬಕೆಟ್ಟಿನ ಹಿಡಿ ಬಿಗಿಹಿಡಿದು ಆ ಟಕ್‌ಗಾಗಿ ನಿಂತಳು, ಬರುತ್ತದೆ, ಈಗ ಬರುತ್ತದೆ, ಬೆನ್ನು, ಹಲಗೆ, ಕಾಲು, ಅವನು ಒರಗಿದ, ಬೆನ್ನು, ಹಲಗೆ, ಕಾಲು, ಕುರ್ಚಿ ಅಲುಗಲಿಲ್ಲ.