ಹೊಸ್ತಿಲ ಮೇಲಿನ ಮಾತು

ಅಪ್ಪನ ಹಣೆಗೆ ವಿಭೂತಿ ಎಳೆಯುತ್ತಿದ್ದ ಭಾಗ್ಯಶ್ರೀ ಅರ್ಧಕ್ಕೇ ಕೈ ತಡೆದು ಗೇಟಿನತ್ತ ನೋಡಿದಳು. ಗುರುತು ಪರಿಚಯವಿಲ್ಲದ ಹೆಂಗಸರ ಗುಂಪೊಂದು ಒಳಗೆ ಬರುತ್ತಿತ್ತು. ಒಬ್ಬಳ ಕೈಯಲ್ಲಿ ಬಿಲ್ವಪತ್ರೆಯ ಚೀಲ, ಇನ್ನೊಬ್ಬಳ ತಲೆಯ ಮೇಲೆ ರೊಟ್ಟಿಯ ಬುಟ್ಟಿ. ಸಾವಾದ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲವೆಂದು ಬಲ್ಲವರೇ ಇರಬೇಕು. ಬಂದವರು ಚಪ್ಪಲಿ ಬಿಟ್ಟು, ಸದ್ದು ಮಾಡದೆ, ಅಂಗಳದ ಗೋಡೆಗುಂಟ ಸಾಲಾಗಿ ಕುಳಿತರು.

ಮಿಯಾಪುರದ ಆ ಬಾಡಿಗೆ ಮನೆಯ ಪಡಸಾಲೆಯಲ್ಲಿ ಅಪ್ಪ ಹಂಪಯ್ಯನನ್ನು ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಕತ್ತು ತುಸು ವಾಲಿತ್ತು. ಯಾರದೋ ಮಾತು ಕೇಳಿಸಿಕೊಳ್ಳುವಾಗ ಅವನು ಕೂಡುತ್ತಿದ್ದುದೇ ಹಾಗೆ. ನಿದ್ದೆಗೆಟ್ಟ ಭಾಗ್ಯಶ್ರೀಗೆ ಎಲ್ಲವೂ ನೀರೊಳಗಿಂದ ಕಂಡಂತೆ ಕಾಣುತ್ತಿತ್ತು. ಊದಿನಕಡ್ಡಿಯ ಹೊಗೆ, ಅದರಾಚೆಗೆ ಅವ್ವ ರೇಣುಕಾಳ ಮುಖ, ಇನ್ನೂ ಆಚೆಗೆ ಕಂಬಗಳ ಮೇಲೆ ಸದ್ದಿಲ್ಲದೆ ಜಾರಿಹೋಗುವ ಮೆಟ್ರೊ. ಅಪ್ಪ ಈಗ ಕಣ್ಣು ಬಿಟ್ಟು, “ಇಷ್ಟ ಮಂದಿ ಯಾಕ ಬಂದಾರವಾ?” ಎಂದು ಕೇಳಿದರೂ ಅವಳಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ಅವಳಿಗೂ ಅವನನ್ನು ಕೇಳುವುದೊಂದಿತ್ತು. ಕೇಳುವ ಧೈರ್ಯ ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ. ಮಣ್ಣಾಗುವುದಕ್ಕೆ ಮುಂಚೆ ಅದೊಂದು ಗೊತ್ತಾಗಬೇಕಿತ್ತು. ಅಪ್ಪ ನಿಜವಾಗಿಯೂ ತನ್ನ ಕೆಲಸದ ಪಟ್ಟಿಯಲ್ಲಿದ್ದ ಹೆಂಗಸರ ಮನೆಗಳಿಗೆ ಹೋಗಿದ್ದನೇ, ಇಲ್ಲವೇ?

*

ಬಟ್ಟೆ ಅಂಗಡಿ ಮುಚ್ಚಿ ಹಂಪಯ್ಯ ಖಾಲಿ ಕೂತಿದ್ದಾಗ ಅವನಿಗೆ ಸಿಕ್ಕ ಕೆಲಸವೇ ಬೇರೆ ತರಹದ್ದು. ಊರ ಅಂಚಿನ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕಿ ಸುಹಾಸಿನಿಯವರು ಒಂದು ಸಂಶೋಧನೆ ಹೂಡಿದ್ದರು. ಬೀದಿಬದಿಯ ವ್ಯಾಪಾರದ ಹೆಂಗಸರಿಗೆ ಲೆಕ್ಕ ಇಡುವುದು, ಸಗಟು ಕೊಳ್ಳುವುದು ಕಲಿಸಿದರೆ ಅವರ ಬದುಕು ಸುಧಾರಿಸುತ್ತದೆಯೇ? ಅರ್ಧ ಹೆಂಗಸರಿಗೆ ವಾರವಾರ ತರಗತಿ, ಉಳಿದರ್ಧಕ್ಕೆ ಏನೂ ಇಲ್ಲ. ಕೊನೆಗೆ ಎರಡನ್ನೂ ಹೋಲಿಸಿ ನೋಡುವುದು. ತರಗತಿಯಿಂದ ಉಪಯೋಗವಾದರೆ ಸರ್ಕಾರ ಅದನ್ನು ಪ್ರತಿ ಬಡಾವಣೆಯಲ್ಲೂ ತೆರೆಯುವುದಿತ್ತು. ಏನೂ ಸಿಗದವರ ಮನೆಗೆ ವಾರಕ್ಕೊಮ್ಮೆ ಹೋಗಿ ವ್ಯಾಪಾರ ಹೇಗಿದೆ ಎಂದು ಕೇಳಿ ಬರುವುದು ಹಂಪಯ್ಯನ ಪಾಲಿಗೆ ಬಂತು. ಕನ್ನಡ, ತೆಲುಗು, ಹಿಂದಿ ಮೂರೂ ಅವನ ನಾಲಿಗೆಯ ಮೇಲೆ ಕುಣಿಯುತ್ತಿದ್ದವು. ಕೊಟ್ಟ ಪ್ರಶ್ನೆ ಬಿಟ್ಟು ಒಂದು ಮಾತೂ ಹೆಚ್ಚಿಗೆ ಆಡಬಾರದೆಂದು ಮಾತ್ರ ಅವನಿಗೆ ಕಟ್ಟುನಿಟ್ಟಾಗಿ ಹೇಳಿದ್ದರು.

ಓಣಿಯವರು ನಗುತ್ತಿದ್ದರು. ಕೇಳುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಮನೆಯ ಮಾಲೀಕರಂತೂ ಸಿಕ್ಕಾಗಲೆಲ್ಲ ಕಾಡುತ್ತಿದ್ದರು. ಹಂಪಯ್ಯನೂ ನಗುತ್ತಿದ್ದ. ಬಿಸಿಲಿರಲಿ ಮಳೆಯಿರಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮದುವೆಗೆ ಹೊರಟವನಂತೆ ಹೊರಡುತ್ತಿದ್ದ.

ಫಲಿತಾಂಶ ಬಂದಾಗ ಎಲ್ಲ ತಲೆಕೆಳಗಾಗಿತ್ತು. ತರಗತಿಗೆ ಹೋದವರ ವ್ಯಾಪಾರ ಚಿಗುರಿತ್ತು, ಸರಿ. ಏನೂ ಸಿಗದವರದೂ ಅಷ್ಟೇ ಚಿಗುರಿತ್ತು. ಹಾಗಿದ್ದ ಮೇಲೆ ತರಗತಿ ಯಾಕೆಂದು ಸರ್ಕಾರದವರು ಕೈಬಿಟ್ಟರು. ಸುಹಾಸಿನಿ ಹಂಪಯ್ಯನನ್ನು ಕರೆಸಿ, ನಿಜವಾಗಿಯೂ ಎಲ್ಲರ ಮನೆಗೂ ಹೋಗಿದ್ದಿರಾ, ಇಲ್ಲ ಮನೆಯಲ್ಲೇ ಕೂತು ಉತ್ತರ ತುಂಬಿದಿರಾ ಎಂದು ಕೇಳಿದರಂತೆ. ಹೋಗೀನ್ರಿ ಎಂದಷ್ಟೇ ಹೇಳಿ ಅವನು ಎದ್ದು ಬಂದಿದ್ದ. ಅವರು ಮತ್ತೆ ಕೆಲಸಕ್ಕೆ ಕರೆಯಲಿಲ್ಲ.

ಅಂದು ಸಂಜೆ ಮಂಚದ ಮೇಲೆ ಕುಳಿತು ಅವನು ಹೆಂಡತಿಯ ಮುಂದೆ ಇಷ್ಟೇ ಹೇಳಿದ್ದು ಭಾಗ್ಯಶ್ರೀಯ ಕಿವಿಗೆ ಬಿದ್ದಿತ್ತು: “ತಪ್ಪು ನಂದೂ ಐತಿ.” ಮೆಟ್ರೊ ಟಿಕೆಟ್ ಕೌಂಟರಿನ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಅಂದು ಎದೆಯೊಳಗೆ ಹೊಕ್ಕ ಮುಳ್ಳು ಅವನು ಸತ್ತ ಮೇಲೂ ಅಲ್ಲೇ ಇತ್ತು.

*

ರುದ್ರಭೂಮಿಯಲ್ಲಿ ಬೇವಿನ ಮರದ ಕೆಳಗೆ ಗುಂಡಿ ತೋಡಿ ಅಲ್ಲಿನ ಆಳು ಅಂಬಾದಾಸ ಕಾಯುತ್ತಿದ್ದ. ಹಂಪಯ್ಯನನ್ನು ಒಳಗಿಳಿಸಿ ಕೂಡಿಸಿದರು. ಬಂದ ಹೆಂಗಸರು ಒಬ್ಬೊಬ್ಬರಾಗಿ ಪತ್ರೆ ಹಾಕಿ ಮಣ್ಣು ಕೊಟ್ಟರು. ಆ ಹೊತ್ತಿಗೆ ಗೇಟಿನ ಬಳಿ ಕಾರೊಂದು ನಿಂತು, ಸುಹಾಸಿನಿ ಇಳಿದು ಬಂದರು. ಭಾಗ್ಯಶ್ರೀ ಅವರನ್ನು ಕಂಡದ್ದು ಅದೇ ಮೊದಲು. ಸಿಟ್ಟು ಬರಬೇಕಿತ್ತು. ಸೊರಗಿದ ಆ ಮುಖ, ಗಲಿಬಿಲಿಯಲ್ಲಿ ತಿರುಗಾಮುರುಗಾ ಹೊದ್ದ ದುಪಟ್ಟಾ ನೋಡಿ ಸಿಟ್ಟು ಅರ್ಧದಾರಿಯಲ್ಲೇ ಇಳಿದುಹೋಯಿತು.

ಸುಹಾಸಿನಿ ಮಣ್ಣು ಹಾಕಿ ತಿರುಗಿದರು. ಹೆಂಗಸರನ್ನು ನೋಡಿ, ಇವರೆಲ್ಲ ಬಳಗದವರೇ ಎಂದು ಮೆಲ್ಲಗೆ ಕೇಳಿದರು. ರೊಟ್ಟಿಯ ಬುಟ್ಟಿ ತಂದಿದ್ದವಳು ತಾನೇ ಮುಂದೆ ಬಂದಳು.

“ಬಳಗಾ ಅಲ್ರಿ. ನಾ ಬಂಡೆಮ್ಮ, ಮೆಟ್ರೊ ಬುಡಕ ರೊಟ್ಟಿ ಮಾರತೀನಿ. ಇವ್ರು ವಾರಾವಾರಾ ನಮ್ಮನಿಗೆ ಬರತಿದ್ರು.”

ಭಾಗ್ಯಶ್ರೀ ಬೇವಿನ ಬೊಡ್ಡೆ ಹಿಡಿದು ನಿಂತಳು. ಅಪ್ಪ ಹೋಗಿದ್ದ.

“ವಾರಾವಾರಾನಾ?” ಎಂದರು ಸುಹಾಸಿನಿ. ಅವರ ದನಿ ಎತ್ತಲಿಂದಲೋ ಬಂದಂತಿತ್ತು.

“ಒಂದ ವಾರಾನೂ ತಪ್ಪಸಲಿಲ್ರಿ. ಬರೆಯೂದೆಲ್ಲಾ ಬರಕೊಂಡು, ಎದ್ದು, ಹೊಸ್ತಿಲದಾಗ ನಿಂತು ಕೇಳೋರು: ‘ಮುಂದಿನ ವಾರಕ್ಕ ಏನ ವಿಚಾರ ಮಾಡೀದಿ, ಬಂಡೆಮ್ಮಾ?’ ನನ್ನ ಜನ್ಮದಾಗ ಯಾರೂ ಹಂಗ ಕೇಳಿದ್ದಿಲ್ಲ. ದೊಡ್ಡ ಮನುಷ್ಯಾ ಬಾಗಲದಾಗ ನಿಂತಾನ, ಏನರ ಹೇಳಬೇಕಲ್ರಿ. ಅದಕ್ಕ ಅವ್ರು ಬರೂದ್ರೊಳಗ ಕುಂತು ವಿಚಾರ ಮಾಡಾಕ ಹತ್ತಿದೆ.”

ಅದು ಅವನ ಸ್ವಭಾವ. ಅವನೊಬ್ಬನದೇ ಏನು, ಅವನ ಊರ ಕಡೆಯ ಎಲ್ಲರದೂ. ತನ್ನ ಕೆಲಸ ಮುಗಿಯಿತೆಂದು ಯಾರ ಮನೆಯಿಂದಲೂ ಸಟ್ಟನೆ ಎದ್ದು ಬರುವುದು ಅಲ್ಲಿ ಮರ್ಯಾದೆಯಲ್ಲ. ಮನೆಯವರ ಮುಂದಿನ ಸುದ್ದಿ ಕೇಳಿಕೊಂಡೇ ಹೊಸ್ತಿಲು ದಾಟಬೇಕು. ಎಷ್ಟು ಕಟ್ಟುನಿಟ್ಟು ಮಾಡಿದರೂ ಹಂಪಯ್ಯನಿಗೆ ಅದೊಂದನ್ನು ನುಂಗಿಕೊಳ್ಳಲು ಆಗಿರಲಿಲ್ಲ.

ಬಂಡೆಮ್ಮ ಹೇಳುತ್ತ ಹೋದಳು. ಮೊದಲ ವಾರ ಬಾಯಿಗೆ ಬಂದದ್ದು ಹೇಳಿದಳಂತೆ, ಕೊಂಡಾಪುರದ ಆಫೀಸಿನ ಹುಡುಗರಿಗೆ ರೊಟ್ಟಿಯ ಜೊತೆ ಶೇಂಗಾ ಚಟ್ನಿ ಕಟ್ಟಿಕೊಡುತ್ತೇನೆಂದು. ಮರುವಾರ ಬಂದವನು ಚಟ್ನಿ ಏನಾಯಿತೆಂದು ಕೇಳಿದ. ಮಾಡಿರಲಿಲ್ಲ, ನಾಚಿಕೆಯಾಯಿತು. ಅದರ ಮುಂದಿನ ವಾರ ಮಾಡಿದಳು. ಈಗ ಅವಳ ಜೊತೆ ಇನ್ನೂ ಇಬ್ಬರು ರೊಟ್ಟಿ ಬಡಿಯುತ್ತಾರೆ. ಬಳೆ ಮಾರುವ ಗೋದಾವರಿಯೂ ದನಿಗೂಡಿಸಿದಳು. ನಾಂಪಲ್ಲಿಯ ದೊಡ್ಡ ವಸ್ತುಪ್ರದರ್ಶನವಾದ ನುಮಾಯಿಶ್‌ನಲ್ಲಿ ಮಳಿಗೆ ಹಾಕುವ ಆಸೆಯನ್ನು ಅವಳು ಗಂಡನ ಮುಂದೆ ಕೂಡ ಬಾಯಿಬಿಟ್ಟಿರಲಿಲ್ಲವಂತೆ, ಹಂಪಯ್ಯನ ಮುಂದೆ ಹೇಳಿದಳಂತೆ.

ಬೇವಿನ ಹೂವು ಸುಹಾಸಿನಿಯವರ ಹೆಗಲ ಮೇಲೆ ಉದುರುತ್ತಿತ್ತು.

“ಆ ಪ್ರಶ್ನೆ ನಾವು ಕೊಟ್ಟಿದ್ದಲ್ಲ,” ಎಂದರು ಕೊನೆಗೆ. “ಅವರು ಹೇಳಲೇ ಇಲ್ಲ.”

“ಹೆಚ್ಚಿಗೆ ಒಂದ ಮಾತೂ ಆಡಬ್ಯಾಡ ಅಂತ ನೀವ ಹೇಳಿದ್ರೆಲ್ರಿ,” ಎಂದಳು ಭಾಗ್ಯಶ್ರೀ. “ಆಡಿದೆ ಅಂತ ಹೆಂಗ ಹೇಳತಾನ?”

ಸುಹಾಸಿನಿ ಅವಳ ಕೈ ಹಿಡಿದುಕೊಂಡರು. ಹಾಗಾದರೆ ತರಗತಿ ಸೋತೇ ಇಲ್ಲ ಎಂದರು. ಕಲಿಸಿದ್ದೂ ಫಲಿಸಿದೆ, ಕೇಳಿದ್ದೂ ಫಲಿಸಿದೆ. ಸರ್ಕಾರದವರ ಮುಂದೆ ಮತ್ತೆ ಹೋಗಬೇಕು, ಈ ಸಲ ಎರಡನ್ನೂ ಹಿಡಿದುಕೊಂಡು ಹೋಗಬೇಕು. ನಾನು ನಿಮ್ಮ ಅಪ್ಪನನ್ನು ನಂಬಬೇಕಿತ್ತು ಎನ್ನುವಾಗ ಅವರ ಕಣ್ಣು ತುಂಬಿತು. ನಂಬದಿದ್ದವರಲ್ಲಿ ತಾನೂ ಒಬ್ಬಳಾಗಿದ್ದು ಭಾಗ್ಯಶ್ರೀಗೆ ಗೊತ್ತಿತ್ತು. ಎದೆಯ ಮುಳ್ಳು ಕಳಚಿದ ಜಾಗ ಉರಿಯುತ್ತಿತ್ತು, ಅದರೊಳಗೇ ಏನೋ ತಂಪೂ ಇತ್ತು.

ನೀವು ಏನೇನು ವಿಚಾರ ಮಾಡಿದಿರಿ, ಎಲ್ಲ ಕೇಳಬೇಕು ಎಂದು ಸುಹಾಸಿನಿ ಹೆಂಗಸರ ನಡುವೆ ಹಸಿ ಮಣ್ಣಿನ ಮೇಲೇ ಕುಳಿತುಬಿಟ್ಟರು. ಕಾರಿನವನು ಹಾರ್ನ್ ಹೊಡೆದು ಸುಮ್ಮನಾದ. ಒಬ್ಬಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳು ಶುರು ಮಾಡುತ್ತಿದ್ದಳು. ಬಿಸಿಲು ಇಳಿದು ಸಮಾಧಿಗಳ ನೆರಳು ಉದ್ದವಾಗತೊಡಗಿದವು. ಯಾರಿಗೂ ಏಳುವ ಮನಸ್ಸಿರಲಿಲ್ಲ.

ಗುಂಡಿ ಮುಚ್ಚಿ ಮುಗಿಸಿದ ಅಂಬಾದಾಸ ಸಲಿಕೆಗೆ ಒರಗಿ ಅಷ್ಟು ಹೊತ್ತೂ ಕೇಳುತ್ತ ನಿಂತಿದ್ದ. ಈಗ ಸಲಿಕೆಯನ್ನು ಮರಕ್ಕೆ ಆನಿಸಿಟ್ಟು, ಕೈಗಳನ್ನು ಅಂಗಿಗೆ ಒರಸಿಕೊಂಡು, ಹತ್ತಿರ ಬಂದ.

“ಮೇಡಂ, ನಂದೂ ಒಂದ ವಿಚಾರ ಐತ್ರಿ,” ಎಂದ. “ಕಲ್ಲಿನ ಮ್ಯಾಲೆ ಹೆಸರು ಕೆತ್ತೂ ಕೆಲಸಾ ಸುರು ಮಾಡಬೇಕಂತ ಭಾಳ ದಿವಸದಿಂದ ಐತಿ. ಯಾರೂ ಕೇಳಲಿಲ್ಲ, ಅದಕ್ಕ ಯಾರಿಗೂ ಹೇಳಿಲ್ಲ.”

ಸಮಾಧಿಯ ಪಕ್ಕ ಕುಳಿತಿದ್ದ ರೇಣುಕಾ ಕಣ್ಣೊರಸಿಕೊಂಡಳು. ತನ್ನ ಮುಂದಿನ ನೆಲದಿಂದ ಹರಳುಗಳನ್ನು ಅಂಗೈಯಿಂದ ಸವರಿ ಸರಿಸಿ, ಅಂಬಾದಾಸನಿಗೆ ಕೂಡಲು ಜಾಗ ಮಾಡಿಕೊಟ್ಟಳು.